ಎಡದ ನಳಿಗೆ ಖಾಲಿ

ಚೇಳೂರು
16 ಜೂನ್ 2024

ಶಿವರಾಮಯ್ಯ ಮಾವನಿಗೆ ಅರುಣಾಳ ನಮಸ್ಕಾರ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ಕಿವಿಗೆ ಫೋನು ದಕ್ಕುವುದಿಲ್ಲ. ನಿಮ್ಮ ಸೊಸೆ ಸಿಂಚನಾಗೆ ವಾಟ್ಸಾಪ್ ಮಾಡಿದರೆ "ಮೊಬೈಲ್ ಮುಖಕ್ಕೆ ಹಿಡೀಬೇಡ ಕಣಮ್ಮ" ಅಂತ ಅವಳನ್ನೇ ಗದರಿಸುತ್ತೀರಂತೆ. ಅದಕ್ಕೇ ಈ ಕಾಗದ. ಇನ್‌ಲ್ಯಾಂಡ್ ಲೆಟರ್ ಕೊಡಿ ಅಂದಿದ್ದಕ್ಕೆ ಪೋಸ್ಟ್ ಆಫೀಸಿನ ಹುಡುಗಿ ನನ್ನನ್ನು ಮೇಲೆ ಕೆಳಗೆ ನೋಡಿದಳು.

ವಿಷಯ ಅಪ್ಪನ ಕೋವಿಯದು. ಎಲೆಕ್ಷನ್ ಅಂತ ಸ್ಟೇಷನ್ನಿಗೆ ಒಪ್ಪಿಸಿದ್ದು ಹೋದ ವಾರ ವಾಪಸ್ ಬಂತು. ಮೂರು ತಿಂಗಳು ಮುಟ್ಟದೆ ಇದ್ದಿದ್ದಕ್ಕೋ ವಯಸ್ಸಾಗಿದ್ದಕ್ಕೋ, ನಳಿಗೆ ಮಡಚಿ ಮುಚ್ಚಿದರೆ ಸರಿಯಾಗಿ ಕೂರುತ್ತಿಲ್ಲ. ಅಲ್ಲಾಡಿಸಿದರೆ ಕಟಕಟ ಅನ್ನುತ್ತೆ. ಸಂದಿಗೆ ಪೋಸ್ಟ್ ಕಾರ್ಡು ತೂರಿಸಿ ನೋಡಿದೆ, ಸಲೀಸಾಗಿ ಹೋಯಿತು. ಅಪ್ಪ ಹೋದ ಮೇಲೆ ಲೈಸೆನ್ಸು ನನ್ನ ಹೆಸರಿಗೆ ಆಗುವುದಕ್ಕೇ ಒಂದೂವರೆ ವರ್ಷ ಅಲೆದಿದ್ದೇನೆ. ಈಗ ಕೋವಿಯೇ ಕೈಕೊಟ್ಟರೆ ಹೇಗೆ? ಕೋತಿಗಳ ಕಾಟ ನಿಮಗೆ ಗೊತ್ತಲ್ಲ. ಎಳನೀರು ಕಿತ್ತು ಅರ್ಧ ಕುಡಿದು ನಮ್ಮ ತಲೆ ಮೇಲೆ ಎಸೆಯುತ್ತವೆ. ಒಂದು ಗಾಳಿಗುಂಡು ಹಾರಿಸಿದರೆ ಹತ್ತು ದಿನ ಈ ಕಡೆ ತಲೆ ಹಾಕಲ್ಲ.

ತುಮಕೂರಿನ ಅಂಗಡಿಯಲ್ಲಿ ವಿಚಾರಿಸಿದೆವು. ಅಪ್ಪನದರ ಹಾಗೆ ಅಕ್ಕಪಕ್ಕ ನಳಿಗೆ ಇರುವುದೂ ಇದೆ, ಒಂದರ ಮೇಲೊಂದು ಇರುವುದೂ ಇದೆ. ಎರಡನೆಯದು ನೋಡಲು ಚೆಂದ. ಆದರೆ ಅಪ್ಪ ಸಾಯುವವರೆಗೂ ಬಲದ ನಳಿಗೆಗೆ ಮಾತ್ರ ಈಡು ತುಂಬಿದವರು. ಎಡದ ನಳಿಗೆಯ ಹಿಂದೆ ಬಡಿಯುವ ಕುದುರೆಗೆ ಕೆಂಪು ದಾರ ಸುತ್ತಿ, "ಮೊದಲ್ನೇದು ಕೋತಿ ಓಡ್ಸಕ್ಕೆ. ಎರಡನೇದು ಬರೀ ಕೋಪಕ್ಕೆ. ಅದು ನಮ್ಮನೇಲಿ ಬೇಡ" ಅನ್ನುತ್ತಿದ್ದರು. ನಾನೂ ಹಾಗೇ ಕಲಿತಿದ್ದೇನೆ. ಬಲದ ಕುದುರೆ ಬಿತ್ತು ಅಂದರೆ ಕೋವಿ ಸತ್ತ ಹಾಗೆ, ಯಾರ ಕೈಗೆ ಬೇಕಾದರೂ ಕೊಡಬಹುದು.

ನಮ್ಮ ಮನೆಯವರಿಗೆ ಲೈನ್‌ಮನ್ ಕೆಲಸದಿಂದ ಭಾನುವಾರ ರಜ. ಇಬ್ಬರೂ ಕೋವಿ ತಂದು ತೋರಿಸುತ್ತೇವೆ. ರಿಪೇರಿಯೋ ಹೊಸದೋ, ಹೊಸದಾದರೆ ಯಾವುದು, ನೀವು ಹೇಳಿದ ಹಾಗೆ. ಮಗಳು ಮೋನಿಕಾ ಫಸ್ಟ್ ಪಿಯುಸಿ ಸೇರಿದಳು.

ಅರುಣಾ


ಅಮೃತೂರು
24 ಜೂನ್ 2024

ಚಿ. ಸೌ. ಅರುಣಾಗೆ ಶಿವರಾಮಯ್ಯನ ಆಶೀರ್ವಾದ.

ಅಕ್ಷರ ನೋಡಿ ಗಾಬರಿಯಾಗಬೇಡ. ಬರೆಯುತ್ತಿರುವವಳು ಸಿಂಚನಾ. ನನ್ನ ಕಣ್ಣು ಸ್ವಲ್ಪ ಮಂಜಾಗಿದೆ. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ಇಸ್ಕೂಲ್ ಮೇಡಮ್ಮು, ಸುಮ್ಮನೆ ಬರೆಯಮ್ಮ ಅಂದರೆ ನಡುನಡುವೆ ನನ್ನನ್ನೇ ತಿದ್ದುತ್ತಾಳೆ.

ಕುಣಿಗಲ್ ಪೇಟೆಯಲ್ಲಿ ಐವತ್ತು ವರ್ಷ ಕೋವಿ ರಿಪೇರಿ ಮಾಡಿದವನು ನಾನು. ಅವುಗಳ ಸದ್ದಿಗೆ ಎರಡೂ ಕಿವಿ ಕೊಟ್ಟವನು. ಆದ್ದರಿಂದ ಕೇಳು. ಅಕ್ಕಪಕ್ಕದ ನಳಿಗೆಯದು ಹಗುರ, ಹೆಗಲ ಮೇಲೆ ಹಾಕಿಕೊಂಡು ಇಡೀ ತೋಟ ಸುತ್ತಬಹುದು. ಎರಡು ನಳಿಗೆಗೆ ಎರಡು ಟ್ರಿಗರು. ಕುದುರೆಗಳು ಹೊರಗೇ ಇರುವ ಹಳೆಯ ಕಾಲದ್ದಾದರೆ ಅದರ ಮನಸ್ಸಿನಲ್ಲೇನಿದೆ ಅಂತ ಮಾರು ದೂರದಿಂದಲೇ ಗೊತ್ತಾಗುತ್ತೆ. ನಿಮ್ಮಪ್ಪನದು ಅಂಥದ್ದು. ಅದನ್ನು ಅವನಿಗೆ ಆರಿಸಿಕೊಟ್ಟವನೇ ನಾನು.

ಒಂದರ ಮೇಲೊಂದು ನಳಿಗೆ ಇರುವುದಕ್ಕೆ ಅಂಗಡಿಯವರು ಓವರ್ ಅಂಡರ್ ಅನ್ನುತ್ತಾರೆ. ಕಣ್ಣಿನ ಮುಂದೆ ಒಂದೇ ನಳಿಗೆ ಕಾಣುವುದರಿಂದ ಗುರಿ ಸಲೀಸು. ಕೆಳಗಿನ ನಳಿಗೆ ಹೊಡೆದರೆ ಒದೆತ ನೇರ ಭುಜಕ್ಕೆ ಬರುತ್ತೆ, ಮೂತಿ ಮೇಲಕ್ಕೆ ಹಾರಲ್ಲ. ಟ್ರಿಗರು ಒಂದೇ. ಕುದುರೆ, ಸ್ಪ್ರಿಂಗು ಎಲ್ಲ ಹೊಟ್ಟೆಯೊಳಗೆ. ತೂಕ ಜಾಸ್ತಿ. ಪಂದ್ಯಕ್ಕೆ ಹೊಡೆಯುವವರು ಅದನ್ನೇ ಇಷ್ಟಪಡುತ್ತಾರೆ.

ನೀನು ಪಂದ್ಯಕ್ಕೆ ಹೊಡೆಯುವವಳಲ್ಲ, ನಿಜ. ಆದರೂ ಹೊಸದು ತಗೊಳ್ಳುವುದಾದರೆ ಒಂದರ ಮೇಲೊಂದರದ್ದೇ ತಗೊ. ಈಗ ಬರುವ ಅಕ್ಕಪಕ್ಕದವು ನನಗೆ ಸಮಾಧಾನ ಇಲ್ಲ. ನಿಮ್ಮಪ್ಪ ದೊಡ್ಡರಂಗಯ್ಯನ ಕೋವಿಯ ಆಯಸ್ಸು ಮುಗಿಯಿತು ಅಂತ ತಿಳಿದುಕೊ. ಕೀಲು ಸವೆದಿದೆ. ಅದು ಇನ್ನು ರಿಪೇರಿಯಾಗಲ್ಲ. ಅಷ್ಟು ದೂರ ಹೊತ್ತುಕೊಂಡು ಬರಬೇಡಿ.

ಮುತ್ತುರಾಜನಿಗೂ ಮಗುವಿಗೂ ಆಶೀರ್ವಾದ.

ಶಿವರಾಮಯ್ಯ


ಚೇಳೂರು
9 ಜುಲೈ 2024

ಮಾವನಿಗೆ ನಮಸ್ಕಾರ.

ನಿಮ್ಮ ಕಾಗದ ಇವರಿಗೆ ಓದಿ ಹೇಳಿದೆ. "ರೋಗೀನ ನೋಡ್ದೇನೇ ಆಯಸ್ಸು ಮುಗೀತು ಅಂತವ್ರಲ್ಲ, ಯಾವ ಸೀಮೆ ಡಾಕ್ಟ್ರು ಕಣೇ ನಿಮ್ ಮಾವ?" ಅಂತ ಮುತ್ತುರಾಜ್ ನಗುತ್ತಾರೆ. ತುಮಕೂರಿನಲ್ಲಿ ಇನ್ನೊಬ್ಬರು ರಿಪೇರಿ ಮಾಡುತ್ತಾರಂತೆ, ಒಂದು ಸಲ ತೋರಿಸೋಣ ಅನ್ನುವುದು ಅವರ ವಾದ. ನಾನು ಒಪ್ಪಲಿಲ್ಲ. ಅಪ್ಪನ ಕೋವಿಯನ್ನು ನಿಮ್ಮನ್ನು ಬಿಟ್ಟು ಇನ್ನೊಬ್ಬರು ಬಿಚ್ಚುವುದು ನನಗೆ ಇಷ್ಟವಿಲ್ಲ.

ಆದರೆ ನನಗೂ ಒಂದು ಆಸೆ. ಒಂದು ಸಲ ನಿಮ್ಮ ಕೈಗೆ ಕೊಟ್ಟು ಕೇಳಿಬಿಡೋಣ ಅಂತ. ಕಣ್ಣು ಮಂಜಾದರೇನು ಮಾವ? ಕಣ್ಣು ಮುಚ್ಚಿಕೊಂಡೇ ಕೋವಿ ಬಿಚ್ಚಿ ಜೋಡಿಸುತ್ತಿದ್ದಿರಿ, ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಇಪ್ಪತ್ತೊಂದನೇ ತಾರೀಖು ಭಾನುವಾರ ಬರಲೇ?

ಅರುಣಾ


ಅಮೃತೂರು
15 ಜುಲೈ 2024

ಅರುಣಾಗೆ ಆಶೀರ್ವಾದ.

ಬರಬೇಡ. ಭಾನುವಾರ ನಾನು ಊರಲ್ಲಿರಲ್ಲ. ಕಾರ್ಡು ತೂರುತ್ತೆ ಅಂತ ನೀನೇ ಬರೆದಿದ್ದೀಯ, ಅಷ್ಟು ಸಾಕು ನನಗೆ. ಐವತ್ತು ವರ್ಷದ ಮೇಲೆ ನನ್ನ ಮಾತಿಗೆ ಇನ್ನೊಬ್ಬನ ರುಜು ಬೇಕೇನು? ಮುತ್ತುರಾಜನಿಗೆ ಕಂಬ ಹತ್ತುವುದು ಗೊತ್ತು, ಕೋವಿ ಗೊತ್ತಿಲ್ಲ. ಹಳೆಯದನ್ನು ಅಂಗಡಿಗೆ ಒಪ್ಪಿಸಿ ಹೊಸದು ತಗೊ. ತಗೊಂಡ ಮೇಲೆ ಬರೆ.

ಶಿವರಾಮಯ್ಯ


ಚೇಳೂರು
2 ಸೆಪ್ಟೆಂಬರ್ 2024

ಮಾವನಿಗೆ ನಮಸ್ಕಾರ.

ಬೈಸಿಕೊಂಡ ಮೇಲೆ ಇನ್ನೇನು, ತಗೊಂಡೆವು. ಲೈಸೆನ್ಸಿನಲ್ಲಿ ಬರೆಸಿಕೊಳ್ಳುವುದಕ್ಕೆ ಡಿ.ಸಿ. ಆಫೀಸಿಗೆ ನಾಲ್ಕು ಸಲ ಹೋಗಿದ್ದಾಯಿತು. ಹಳೆಯದನ್ನು ಅಂಗಡಿಯಲ್ಲಿ ಒಪ್ಪಿಸಿ ಬರುವಾಗ ನನಗೆ ಅಳು ಬಂತು. ಮುತ್ತುರಾಜ್ ಬಸ್ಸಿನಲ್ಲೆಲ್ಲ "ಹಳೇ ಅತ್ತೇನ ಕಳ್ಸಿ ಹೊಸ ಸೊಸೆ ಕರ್ಕೊಂಡ್ ಬಂದ್ವಿ ಬುಡು" ಅಂತ ಛೇಡಿಸುತ್ತಿದ್ದರು. ಅವರಿಗೂ ಒಳಗೊಳಗೇ ಖುಷಿ. ಮೋನಿಕಾ ಕೈಲಿ ಅದಕ್ಕೆ ಕುಂಕುಮ ಇಡಿಸಿದರು.

ನೀವು ಹೇಳಿದ್ದು ನಿಜ. ಒದೆತ ಗೊತ್ತೇ ಆಗುವುದಿಲ್ಲ. ಮೊದಲನೆ ಸಲ ಹಾರಿಸಿದಾಗ ಕೋತಿಗಳು ಚೇಳೂರು ದಾಟಿ ಓಡಿರಬೇಕು.

ಅಪ್ಪನ ನೇಮ ಬಿಟ್ಟಿಲ್ಲ. ಕೆಳಗಿನ ನಳಿಗೆಗೆ ಮಾತ್ರ ಈಡು, ಮೇಲಿನದು ಖಾಲಿ. ಹೆಬ್ಬೆರಳ ಹತ್ತಿರ ಒಂದು ಗುಂಡಿ ಇದೆ. ಅದನ್ನು ಎಡಕ್ಕೆ ತಳ್ಳಿದರೆ ಕೆಳಗಿನದು ಮೊದಲು, ಬಲಕ್ಕೆ ತಳ್ಳಿದರೆ ಮೇಲಿನದು ಮೊದಲು ಅಂತ ಅಂಗಡಿಯವರು ಎರಡೆರಡು ಸಲ ತೋರಿಸಿದರು. ಇನ್ನೂ ಏನೇನೋ ಹೇಳಿದರು, ಎಲ್ಲ ತಲೆಗೆ ಹೋಗಲಿಲ್ಲ. ನಾನು ಎಡಕ್ಕೇ ಬಿಟ್ಟಿದ್ದೇನೆ. ಕೆಂಪು ದಾರ ಕಟ್ಟೋಣ ಅಂದರೆ ಕುದುರೆಯೇ ಇಲ್ಲ.

ಯಾವಾಗ ಬರುತ್ತೀರಿ?

ಅರುಣಾ


ಅಮೃತೂರು
12 ಸೆಪ್ಟೆಂಬರ್ 2024

ಅರುಣಾಗೆ ಆಶೀರ್ವಾದ.

ಬಹಳ ಸಂತೋಷ. ನಳಿಗೆಗೆ ಎಣ್ಣೆ ಜಾಸ್ತಿ ಬಳಿಯಬೇಡ, ಬಟ್ಟೆಗೆ ಹನಿ ಹಾಕಿ ಒರೆಸಿದರೆ ಸಾಕು.

ಒಂದು ವಿಷಯ ಇದೆ. ಒಂದೇ ನಳಿಗೆಗೆ ಈಡು ತುಂಬುವ ನಿಮ್ಮ ಮನೆ ನೇಮ ಈ ಕೋವಿಗೆ ಅಷ್ಟಾಗಿ ಹೊಂದುವುದಿಲ್ಲ. ಯಾಕೆ ಅಂತ ಕಾಗದದಲ್ಲಿ ಬರೆಸಲು ಹೋದರೆ ನನಗೂ ಸಿಂಚನಾಗೂ ಜಗಳವಾಗುತ್ತೆ. ಕೈಯಲ್ಲಿ ಹಿಡಿದೇ ತೋರಿಸಬೇಕು. ಆಯುಧಪೂಜೆಗೆ ಬಂದೇ ಬರುತ್ತೇನೆ, ಆಗ ಹೇಳುತ್ತೇನೆ. ಅಲ್ಲಿಯವರೆಗೆ ಹುಷಾರಾಗಿರು.

ಶಿವರಾಮಯ್ಯ


ಅಮೃತೂರು
14 ಅಕ್ಟೋಬರ್ 2024

ಅರುಣಾಗೆ ಆಶೀರ್ವಾದ.

ಹಬ್ಬಕ್ಕೆ ಬರಲಾಗಲಿಲ್ಲ. ಹೊರಡೋಣ ಅಂತ ಅಂಗಿಯೂ ಹಾಕಿಕೊಂಡಿದ್ದೆ, ಮೈಯಲ್ಲಿ ಹುಷಾರಿರಲಿಲ್ಲ. ಗಾಬರಿಪಡುವಂಥದ್ದೇನಲ್ಲ. ದೀಪಾವಳಿ ಕಳೆದ ಮೇಲೆ ಖಂಡಿತ ಬರುತ್ತೇನೆ.

ಶಿವರಾಮಯ್ಯ


ಅಮೃತೂರು
8 ಡಿಸೆಂಬರ್ 2024

ಅರುಣಾಗೆ ಆಶೀರ್ವಾದ.

ಏನಮ್ಮ, ಮಾವನ ಮೇಲೆ ಮುನಿಸೇ? ಮೂರು ತಿಂಗಳಾಯಿತು, ನಿನ್ನ ಒಂದು ಗೆರೆ ಇಲ್ಲ. ಬರುತ್ತೇನೆ ಅಂತ ಎರಡು ಸಲ ಮಾತು ತಪ್ಪಿದ್ದಕ್ಕೆ ಕೋಪವೋ, ಇಲ್ಲ ಕೋವಿ ಹಿಡಿಸಲಿಲ್ಲವೋ? ತೂಕ ಅನ್ನಿಸಿದರೆ ಹೇಳು, ಹಿಡಿಯಲ್ಲಿ ಸ್ವಲ್ಪ ಮರ ತೆಗೆಸಬಹುದು. ಬೇಕಾದರೆ ಮುತ್ತುರಾಜನಿಗೆ ಹೇಳು, ಅವನು ಗೆದ್ದ ಅಂತಲೇ ಒಪ್ಪಿಕೊಳ್ಳುತ್ತೇನೆ. ಮಾವನಿಗೆ ತಿಳಿಯಲಿಲ್ಲ, ಹಳೆಯದನ್ನೇ ಇಟ್ಟುಕೊಳ್ಳಬೇಕಿತ್ತು ಅಂತ ಅವನು ಒಂದು ಬೈಗುಳದ ಕಾಗದ ಬರೆದರೂ ಓದಿಸಿಕೊಂಡು ನಗುತ್ತೇನೆ. ಇಬ್ಬರೂ ಸುಮ್ಮನಿರಬೇಡಿ. ನನಗೆ ಹೊತ್ತು ಹೋಗುವುದಿಲ್ಲ.

ಶಿವರಾಮಯ್ಯ

ಅರುಣಕ್ಕಾ, ಇದು ಸಿಂಚನಾ ಬರೆಯುತ್ತಿರುವುದು. ಮುತ್ತುರಾಜಣ್ಣ ಹೋದ ಸುದ್ದಿಯೂ ಪೊಲೀಸರು ನಿಮ್ಮನ್ನು ಕರೆದುಕೊಂಡು ಹೋದ ಸುದ್ದಿಯೂ ಪೇಪರಿನಲ್ಲಿ ಬಂದಿತ್ತು. ಆ ದಿನದ ಪೇಪರನ್ನು ಬಚ್ಚಿಟ್ಟೆ. ಮಾವನಿಗೆ ಇನ್ನೂ ಗೊತ್ತಿಲ್ಲ. ಹೇಳಲು ನನಗೆ ಧೈರ್ಯ ಸಾಲುತ್ತಿಲ್ಲ. ಅವರು ಹೇಳಿದ್ದನ್ನು ಹಾಗೇ ಬರೆದಿದ್ದೇನೆ, ಬರೆಯುವಾಗ ಅತ್ತಿದ್ದೇನೆ, ಕ್ಷಮಿಸಿ. ಈ ಕಾಗದ ನಿಮಗೆ ಯಾವಾಗ ಸಿಗುತ್ತೋ ಗೊತ್ತಿಲ್ಲ. ಸಿಕ್ಕಾಗ, ಹೇಳಬೇಕೋ ಬೇಡವೋ ನೀವೇ ತಿಳಿಸಿ.


ಶೆಟ್ಟಿಹಳ್ಳಿ, ತುಮಕೂರು
19 ಜನವರಿ 2025

ಮಾವನಿಗೆ ಅರುಣಾಳ ನಮಸ್ಕಾರ.

ಸಿಂಚನಾ, ಇದನ್ನು ಮಾವನಿಗೆ ಪೂರ್ತಿ ಓದಿ ಹೇಳು. ಏನೂ ಬಿಡಬೇಡ.

ಮಾವ, ಮುತ್ತುರಾಜ್ ಇಲ್ಲ. ನವೆಂಬರ್ ಮೂರು, ದೀಪಾವಳಿ ಮುಗಿದ ಮಾರನೆ ದಿನ, ಭಾನುವಾರ ಹೋದರು. ನನ್ನ ಕೈಲಿದ್ದ ಕೋವಿಯಿಂದ ಹೋದರು. ಐವತ್ತೊಂದು ದಿನ ಜೈಲಿನಲ್ಲಿದ್ದೆ. ಈಗ ಬೇಲು ಸಿಕ್ಕಿದೆ, ತುಮಕೂರಿನಲ್ಲಿ ಅನುಪಮಾ ಚಿಕ್ಕಮ್ಮನ ಮನೆಯಲ್ಲಿದ್ದೇನೆ. ಊರಿಂದ ನನ್ನ ಬಟ್ಟೆ ತಂದವರು ನಿಮ್ಮ ಡಿಸೆಂಬರ್ ಕಾಗದವನ್ನೂ ತಂದುಕೊಟ್ಟರು. ಮುಂಚೆಯೇ ಬರೆಯಬಹುದಿತ್ತು. ನೀವು ಆರಿಸಿಕೊಟ್ಟ ಕೋವಿ ಅಂತ ನಿಮಗೆ ನೋವಾಗುತ್ತೆ ಅಂತ ಕೈ ಬರಲಿಲ್ಲ. ನಿಮ್ಮ ತಪ್ಪು ಏನೂ ಇಲ್ಲ. ಅಂಗಡಿಯವರದೂ ಇಲ್ಲ.

ಹಬ್ಬಕ್ಕೆ ಗುಬ್ಬಿಯಿಂದ ಇವರ ತಮ್ಮ ಅಂಜನ್‌ಕುಮಾರ್ ಬಂದಿದ್ದ. ಬೆಳಿಗ್ಗೆ ನನಗೂ ಇವರಿಗೂ ಮಾತಿಗೆ ಮಾತು ಬೆಳೆಯಿತು. ಮೋನಿಕಾನ ತುಮಕೂರಿನ ಹಾಸ್ಟೆಲಿಗೆ ಹಾಕೋಣ ಅಂತ ನಾನು, ಬೇಡ ಅಂತ ಅವರು. ಅಷ್ಟೇ. ನನ್ನ ಬಾಯಿ ನಿಮಗೆ ಗೊತ್ತು. "ನೀವೊಬ್ರು ಇಲ್ದಿದ್ರೆ ಈ ಮನೇಲಿ ನೆಮ್ಮದಿಯಾಗಿರ್ತೀವಿ" ಅಂದೆ. ಅಂಜನ್ ಕೇಳಿಸಿಕೊಂಡ. ಮೋನಿಕಾನೂ ಕೇಳಿಸಿಕೊಂಡಳು.

ಹತ್ತು ಗಂಟೆಗೆ ಕೋತಿ ಬಂದವು. ಕೆಳಗಿನ ನಳಿಗೆಗೆ ಈಡು ತುಂಬಿಕೊಂಡು ಹೋದೆ. ಮುತ್ತುರಾಜ್ ಮುನಿಸು ಬಿಟ್ಟು ಆಗಲೇ ಕವಣೆ ಬೀಸುತ್ತಾ ನಿಂತಿದ್ದರು. ಗಾಳಿಗೆ ಹಿಡಿದು ಒತ್ತಿದೆ. ಟಕ್ ಅಂತು, ಹಾರಲಿಲ್ಲ. ಗುಂಡಿ ಯಾವಾಗ ಬಲಕ್ಕೆ ಸರಿದಿತ್ತೋ ನನಗೆ ಗೊತ್ತಿಲ್ಲ, ಖಾಲಿ ನಳಿಗೆ ಹೊಡೆದಿದೆ. ನಾನು ಈಡು ಹಸಿಯಾಗಿದೆ ಅಂದುಕೊಂಡೆ. ಅಪ್ಪನ ಕೋವಿಯಲ್ಲಿ ಟಕ್ ಅಂದರೆ ಆಯಿತು, ಅಲ್ಲಿಗೆ ಮುಗಿಯಿತು. ಕೋವಿ ಇಳಿಸಿ ಇವರ ಕಡೆ ತಿರುಗಿದೆ. "ಏನೇ, ಠುಸ್ಸಾ?" ಅಂತ ನಕ್ಕರು. ಆಗ ಹಾರಿತು. ಮೂರು ಮಾರು ದೂರವಿರಲಿಲ್ಲ. ಗುಬ್ಬಿ ಆಸ್ಪತ್ರೆ ತಲುಪುವ ಮೊದಲೇ ಉಸಿರು ನಿಂತಿತು.

ಅಂಜನ್ ಕೊಲೆ ಅಂತ ಕಂಪ್ಲೇಂಟ್ ಕೊಟ್ಟಿದ್ದಾನೆ. ಒಂದು ಸಲ ಒತ್ತಿದರೆ ಟಕ್ ಅನ್ನುತ್ತೆ, ಎರಡನೆ ಸಲ ಒತ್ತಿದರೆ ಮಾತ್ರ ಇನ್ನೊಂದು ನಳಿಗೆ ಹಾರುತ್ತೆ, ಅವಳು ಎರಡು ಸಲ ಒತ್ತಿದ್ದಾಳೆ ಅನ್ನುತ್ತಾನೆ. ಅದು ಸರಿಯೇ ಅಂತೆ, ಪೊಲೀಸರೂ ಹಾಗೇ ಬರೆದಿದ್ದಾರೆ. ಮೋನಿಕಾನ ಅವನೇ ಗುಬ್ಬಿಗೆ ಕರೆದುಕೊಂಡು ಹೋದ. ಅವಳು ನನ್ನ ಹತ್ತಿರ ಮಾತಾಡುತ್ತಿಲ್ಲ. ಫೋನ್ ಎತ್ತಿ, ನನ್ನ ದನಿ ಕೇಳಿ, ಇಟ್ಟುಬಿಡುತ್ತಾಳೆ.

ಜೈಲು ನನಗೆ ಭಯವಿಲ್ಲ. ನನ್ನ ಮಗಳು ನನ್ನನ್ನು ಕೊಲೆಗಾತಿ ಅಂದುಕೊಂಡು ಬದುಕಬಾರದು. ಆದರೆ ಅವಳಿಗೆ ಏನಂತ ಹೇಳಲಿ? ನಾನು ಎರಡನೆ ಸಲ ಒತ್ತಿದ್ದು ನನಗೆ ನೆನಪಿಲ್ಲ. ಒತ್ತಿರಲೇಬೇಕು ಅನ್ನುತ್ತಾರೆ. ಕೋವಿಯ ವಿಷಯದಲ್ಲಿ ನಿಮ್ಮನ್ನು ಬಿಟ್ಟು ನಾನು ಯಾರನ್ನೂ ಕೇಳಿದವಳಲ್ಲ. ಬೆಳಿಗ್ಗೆ ಆಡಿದ ಮಾತು ಬೆರಳಿಗೆ ಇಳಿಯುತ್ತಾ ಮಾವ?

ಅರುಣಾ


ಅಮೃತೂರು
2 ಫೆಬ್ರವರಿ 2025

ಮಗಳೇ ಅರುಣಾ,

ಈ ಕಾಗದ ನಾನೇ ಬರೆಯುತ್ತಿದ್ದೇನೆ. ನಾಲ್ಕು ದಿನದಿಂದ ಬರೆಯುತ್ತಿದ್ದೇನೆ. ಅಕ್ಷರ ನೋಡಿದರೆ ನಿನಗೇ ಗೊತ್ತಾಗುತ್ತೆ. ನನ್ನ ಕಣ್ಣಿಗೆ ಏನೂ ಆಗಿಲ್ಲ. ಕೈ ನಡುಗುತ್ತದೆ.

ಮೂರು ವರ್ಷವಾಯಿತು. ಮೊದಲು ಬಲಗೈ, ಆಮೇಲೆ ಎರಡೂ. ಮಾತ್ರೆ ನುಂಗುತ್ತೇನೆ, ನಿಲ್ಲುವುದಿಲ್ಲ. ಸ್ಕ್ರೂ ಹಿಡಿದರೆ ಬೀಳುತ್ತೆ. ಕಾಫಿ ಲೋಟವನ್ನು ಸಿಂಚನಾ ಅರ್ಧ ಮಾತ್ರ ತುಂಬುತ್ತಾಳೆ. ಅಂಗಡಿ ಮುಚ್ಚಿದಾಗ ಕಣ್ಣು ಅಂದೆ. ಕಣ್ಣು ಹೋದ ಮೆಕ್ಯಾನಿಕ್ಕಿಗೆ ಜನ ಅಯ್ಯೋ ಅನ್ನುತ್ತಾರೆ. ಕೈ ಹೋದವನು ಮೆಕ್ಯಾನಿಕ್ಕೇ ಅಲ್ಲ. ಆ ಹುಡುಗಿಗೂ ಸುಳ್ಳು ಹೇಳಲು ಕಲಿಸಿದವನು ನಾನೇ.

ನಿಮ್ಮಪ್ಪನ ಕೋವಿಗೆ ಏನೂ ಆಗಿರಲಿಲ್ಲ. ಕೀಲಿನ ಪಿನ್ನು ಸವೆದಿತ್ತು ಅಷ್ಟೇ. ಹೊಸ ಪಿನ್ನು ಹಾಕಿ ಕೂರಿಸಿದರೆ ಅರ್ಧ ದಿನದ ಕೆಲಸ, ಇನ್ನೂ ಇಪ್ಪತ್ತು ವರ್ಷ ಬರುತ್ತಿತ್ತು. ತುಮಕೂರಿನವನೂ ಮಾಡುತ್ತಿದ್ದ. ನಿನ್ನ ಮೊದಲ ಕಾಗದ ಓದಿದಾಗಲೇ ನನಗೆ ಗೊತ್ತಿತ್ತು. ಆದರೆ ನೀನು ತಂದು ನನ್ನ ಕೈಗೆ ಕೊಟ್ಟರೆ ನನ್ನ ಕೈ ನೋಡುತ್ತೀಯ. ಇನ್ನೊಬ್ಬನಿಗೆ ಕೊಡು ಅನ್ನಲೂ ಬಾಯಿ ಬರಲಿಲ್ಲ. ಅದಕ್ಕೆ ಆಯಸ್ಸು ಮುಗಿಯಿತು ಅಂದೆ. ಒಂದರ ಮೇಲೊಂದರದ್ದೇ ಯಾಕೆ ಅಂದೆ ಗೊತ್ತಾ? ಅಕ್ಕಪಕ್ಕದ್ದು ತಗೊಂಡಿದ್ದರೆ, ಅಪ್ಪನದರ ಹಾಗೆ ಮಾಡಿಕೊಡಿ ಅಂತ ಅದನ್ನೂ ನನ್ನ ಹತ್ತಿರ ತರುತ್ತಿದ್ದೆ. ನಿನಗೆ ಒಪ್ಪುವುದು ಅಕ್ಕಪಕ್ಕದ್ದೇ. ಮುತ್ತುರಾಜ ಹೇಳಿದ್ದೇ ಸರಿ. ನಾನು ರೋಗಿಯನ್ನು ನೋಡದ ಡಾಕ್ಟರು.

ಒಂದೇ ನಳಿಗೆಯ ನೇಮ ಹೊಂದುವುದಿಲ್ಲ ಅಂತ ಬರೆಸಿದ್ದೆನಲ್ಲ, ಕಾರಣ ಇದೇ. ಖಾಲಿ ನಳಿಗೆ ಟಕ್ ಅಂದ ಮೇಲೆ ಅದೇ ಟ್ರಿಗರು ಇನ್ನೊಂದು ನಳಿಗೆಗೆ ದಾಟುತ್ತದೆ. ಎರಡು ಸಾಲಿನ ಮಾತು. ಎರಡು ಸಾಲು ಬರೆಸಲಿಲ್ಲ ನಾನು. ಕೈಯಲ್ಲಿ ತೋರಿಸುತ್ತೇನೆ ಅಂತ ದೊಡ್ಡಸ್ತಿಕೆ ಮಾಡಿ, ಬಂದರೆ ಕೈ ತೋರಿಸಬೇಕಾಗುತ್ತೆ ಅಂತ ಹಬ್ಬದ ದಿನ ಹಾಕಿದ ಅಂಗಿ ಬಿಚ್ಚಿ ಕೂತೆ.

ನೀನು ನನ್ನ ತಪ್ಪಿಲ್ಲ ಅಂತ ಬರೆದಿದ್ದೀಯ. ಅದನ್ನು ಸಿಂಚನಾ ಓದಿದಾಗ ನನಗೆ ಸಾಯಬೇಕು ಅನ್ನಿಸಿತು. ಮುತ್ತುರಾಜನನ್ನು ತಿಂದವನು ನಾನು. ನಿನ್ನ ಪ್ರಶ್ನೆಗೆ ಉತ್ತರ ಹೇಳುವ ಯೋಗ್ಯತೆ ನನಗಿಲ್ಲ.

ಶಿವರಾಮಯ್ಯ


ಅಮೃತೂರು
17 ಆಗಸ್ಟ್ 2025

ಮಗಳೇ ಅರುಣಾ,

ಆರು ತಿಂಗಳಾಯಿತು, ನೀನು ಬರೆದಿಲ್ಲ. ಬರೆಯದೇ ಇದ್ದದ್ದು ನ್ಯಾಯ. ಉತ್ತರ ಬೇಡ, ಇದನ್ನು ಓದಿದರೆ ಸಾಕು. ಇದು ಸಿಂಚನಾ ಕೈಬರಹ, ಈ ಸಲ ಕಾರಣ ನಿನಗೆ ಗೊತ್ತು.

ನಿನ್ನ ವಕೀಲರು ಭಾನುಪ್ರಿಯಾ, ನಿನ್ನ ಹತ್ತಿರ ಇದ್ದ ನನ್ನ ಕಾಗದಗಳನ್ನು ಓದಿಕೊಂಡು ಬಂದಿದ್ದರು. ಜಡ್ಜಿನ ಅಪ್ಪಣೆ ಪಡೆದು ಹೋದ ಸೋಮವಾರ ನನ್ನನ್ನು ತುಮಕೂರಿನ ಕೋರ್ಟಿಗೆ ಕರೆದುಕೊಂಡು ಹೋಗಿ ಆ ಕೋವಿ ತೋರಿಸಿದರು. ಒಬ್ಬ ಪೇದೆ ಜೊತೆಗಿದ್ದ. ಎರಡೂ ನಳಿಗೆ ಖಾಲಿ ಅಂತ ತೆರೆದು ತೋರಿಸಿ ನನ್ನ ಕೈಗೆ ಕೊಟ್ಟ. ಮೂರು ವರ್ಷದ ಮೇಲೆ ನಾನು ಕೋವಿ ಹಿಡಿದದ್ದು.

ಗುಂಡಿಯನ್ನು ಬಲಕ್ಕೆ ತಳ್ಳಿ, ಗೋಡೆಗೆ ಹಿಡಿದು ಒಂದು ಸಲ ಒತ್ತಿದೆ. ನನಗೆ ಸದ್ದು ಕೇಳಿಸಲ್ಲ, ಅಂಗೈಗೆ ತಟ್ಟಿತು. ಕೋವಿ ಇಳಿಸಿ ಮೇಜಿನ ಮೇಲಿಟ್ಟು, "ಇದು ಮೊದಲ್ನೇದು. ಈಗ ಎರಡನೇದು ಒತ್ತಿ ತೋರಿಸ್ತೀನಿ" ಅಂದೆ. ಪೇದೆ ತಲೆಯಾಡಿಸಿ ಎರಡು ಬೆರಳು ತೋರಿಸಿದ. ನನಗೆ ಅರ್ಥವಾಗಲಿಲ್ಲ. ಭಾನುಪ್ರಿಯಾ ಚೀಟಿಯಲ್ಲಿ ಬರೆದು ಮುಂದೆ ಹಿಡಿದರು. "ಎರಡೂ ಆಯ್ತು. ಇಳಿಸುವಾಗ ಇನ್ನೊಂದು ಸಲ ಒತ್ತಿದಿರಿ."

ನಾನು ಒತ್ತಿರಲಿಲ್ಲ ಅರುಣಾ. ಕೋವಿ ಮುಟ್ಟಿ ಬೆಳೆದವನು, ಒಂದೇ ಸಲ ಅಂತ ದೇವರ ಮೇಲೆ ಆಣೆ ಮಾಡುತ್ತಿದ್ದೆ. ಮತ್ತೆ ಮಾಡಿ ನೋಡಿದೆ. ಐದು ಸಲದಲ್ಲಿ ಮೂರು ಸಲ ನನಗೆ ಗೊತ್ತಿಲ್ಲದೆಯೇ ಬೆರಳು ಸಡಿಲವಾಗಿ ಮತ್ತೆ ಬಿಗಿಯಿತು. ನನ್ನದು ನಡುಗುವ ಕೈ, ನಿನ್ನದು ಗಟ್ಟಿ ಕೈ. ನಿನ್ನ ಬೆರಳಿನಲ್ಲಿ ಆ ಗಳಿಗೆ ಏನಿತ್ತು ಅಂತ ನಾನು ಹೇಳಲಾರೆ. ಇನ್ನೊಂದು ಸುಳ್ಳು ನಿನಗೆ ಹೇಳುವುದಿಲ್ಲ. ಭಾರವಾದ ಕೋವಿ ಇಳಿಸುತ್ತಾ ತಿರುಗಿದವರ ಬೆರಳು, ಮನಸ್ಸು ಹೇಳದೆಯೂ ಎರಡನೆಯದನ್ನು ಒತ್ತಬಹುದು ಅನ್ನುವುದಷ್ಟೇ ನನಗೆ ಗೊತ್ತು.

ಸಾಕ್ಷಿ ಹೇಳಲು ಬರುತ್ತೇನೆ. ಟ್ರಿಗರು ಹೇಗೆ ದಾಟುತ್ತೆ, ನಿಮ್ಮ ಮನೆಯ ನೇಮ ಏನು, ಹಳೆಯ ಕೋವಿ ವಿಷಯದಲ್ಲಿ ನಾನು ಹೇಳಿದ ಸುಳ್ಳು ಏನು, ಎಲ್ಲ ಹೇಳುತ್ತೇನೆ. ಕೈ ನಡುಗುವ ವಿಚಾರವೊಂದು ಕೋರ್ಟಿನಲ್ಲಿ ಬೇಡ ಅಂತ ಭಾನುಪ್ರಿಯಾ ಅವರನ್ನು ಕೇಳಿಕೊಂಡಿದ್ದೇನೆ. ಈ ಮುದುಕನ ಪರೀಕ್ಷೆಗೆ ಏನು ಬೆಲೆ ಅಂತ ಆ ಕಡೆಯ ವಕೀಲರು ನಗಬಹುದು. ಕುಣಿಗಲ್ಲಿನವರೂ ಅಲ್ಲಿರುತ್ತಾರೆ. ಅದೊಂದನ್ನು ಬಿಟ್ಟುಬಿಡಿ.

ಶಿವರಾಮಯ್ಯ


ಶೆಟ್ಟಿಹಳ್ಳಿ, ತುಮಕೂರು
30 ನವೆಂಬರ್ 2025

ಮಾವನಿಗೆ ಅರುಣಾಳ ನಮಸ್ಕಾರ.

ನಿಮ್ಮ ಫೆಬ್ರವರಿಯ ಕಾಗದವನ್ನು ಮೊದಲ ಸಲ ಅರ್ಧಕ್ಕೇ ಮಡಚಿಟ್ಟೆ. ಎರಡು ದಿನ ಮುಟ್ಟಲಿಲ್ಲ. ಪೂರ್ತಿ ಓದಿದ ಮೇಲೆ ನಿಮ್ಮ ಮೇಲೆ ಬಂದಷ್ಟು ಸಿಟ್ಟು ನನಗೆ ಅಂಜನ್ ಮೇಲೂ ಬಂದಿಲ್ಲ. ಕೈ ನಡುಗುತ್ತೆ ಕಣೇ ಅಂತ ಒಂದು ಮಾತು ಬರೆಸಿದ್ದರೆ ನಾನು ನಗುತ್ತಿದ್ದೆನೇ? ನಿಮ್ಮ ಕೈಲಿ ಆಗದಿದ್ದರೆ ನೀವು ಹೇಳುತ್ತಾ ಹೋಗಿ, ನಾನೇ ಪಿನ್ನು ಹಾಕುತ್ತೇನೆ ಅನ್ನುತ್ತಿದ್ದೆ. ಮುತ್ತುರಾಜ್ ಪಕ್ಕದಲ್ಲಿ ಕೂತು ಇಬ್ಬರನ್ನೂ ಗೇಲಿ ಮಾಡುತ್ತಿದ್ದರು. ಹೀಗೆ ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ.

ಕ್ಷಮಿಸಿದ್ದೇನೆ ಅಂತ ಬರೆಯಲು ಕೂತರೆ ಪೆನ್ನು ಮುಂದೆ ಹೋಗುತ್ತಿಲ್ಲ. ಆದ್ದರಿಂದ ಬರೆಯುತ್ತಿಲ್ಲ. ಆದರೆ ಆಗಸ್ಟಿನ ಕಾಗದದಲ್ಲಿ ನೀವು ನನಗೆ ಸಮಾಧಾನ ಹೇಳಲು ಸುಳ್ಳು ಬರೆಸಲಿಲ್ಲ. ಅದಕ್ಕೆ ನಿಮ್ಮ ಕಾಲಿಗೆ ಬೀಳುತ್ತೇನೆ. ನನ್ನ ಬೆರಳಿನಲ್ಲಿ ಏನಿತ್ತು ಅಂತ ಯಾರೂ ಹೇಳಲಾರರು, ನಾನೂ ಹೇಳಲಾರೆ. ಆ ಮಾತು ಆಡಿದ್ದು ನಿಜ. ಅವರನ್ನು ಬಿಟ್ಟು ಒಂದು ದಿನ ಇರಲಾರದಷ್ಟು ಇಷ್ಟಪಟ್ಟಿದ್ದೂ ನಿಜ. ಎರಡನ್ನೂ ಇಟ್ಟುಕೊಂಡು ಬದುಕುವುದು ನನ್ನ ಪಾಲಿಗೆ ಬಂದಿದೆ, ಬದುಕುತ್ತೇನೆ.

ಡಿಸೆಂಬರ್ ಹನ್ನೊಂದು, ಗುರುವಾರ ನಿಮ್ಮ ಸಾಕ್ಷಿ. ಅಂಜನ್ ಬರುತ್ತಾನೆ, ಮೋನಿಕಾನೂ ಬರುತ್ತಾಳಂತೆ. ಒಂದು ವರ್ಷದ ಮೇಲೆ ಅವಳ ಮುಖ ನೋಡುತ್ತೇನೆ. ಅವಳು ನನ್ನ ಮಾತು ನಂಬುವುದಿಲ್ಲ, ವಕೀಲರ ಮಾತನ್ನೂ ನಂಬುವುದಿಲ್ಲ. ಟ್ರಿಗರು ದಾಟುತ್ತೆ ಅಂತ ನೀವು ಎಷ್ಟು ಬಿಡಿಸಿ ಹೇಳಿದರೂ ಅವಳಿಗೆ ಅದು ಕೋವಿಯ ವಿಷಯ. ಅವಳಿಗೆ ಗೊತ್ತಾಗಬೇಕಾದ್ದು ಬೆರಳಿನ ವಿಷಯ. ಮನಸ್ಸು ಹೇಳದೆಯೂ ಕೈ ಕದಲುತ್ತೆ ಅನ್ನುವುದನ್ನು ಅವಳು ಕಣ್ಣಾರೆ ನೋಡಬೇಕು.

ಕೈ ನಡುಗುವ ವಿಚಾರ ಬೇಡ ಅಂತ ನೀವು ಕೇಳಿಕೊಂಡಿದ್ದನ್ನು ಭಾನುಪ್ರಿಯಾ ಮೇಡಂ ಹೇಳಿದರು. ಬೇಕು ಅಂತ ನಾನು ಹೇಳಿದ್ದೇನೆ. ಯಾರು ನಕ್ಕರೂ ನಗಲಿ ಮಾವ. ಕುಣಿಗಲ್ಲಿನವರೆಲ್ಲ ಬಂದು ಕೂತಿರಲಿ. ಅಲ್ಲಿ ಆ ಕೋವಿಯನ್ನು ನಿಮ್ಮ ಕೈಗೆ ಕೊಡುತ್ತಾರೆ. ಬೇಡ ಅನ್ನಬೇಡಿ. ಒಂದು ಸಲ ಒತ್ತಿ, ಇಳಿಸಿ, ನಿಮ್ಮ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ. ನನ್ನ ಮಗಳು ನೋಡುವಷ್ಟು ಹೊತ್ತು ಹಾಗೇ ಇರಿ.

ಅರುಣಾ